ಐರಿಸ್ ಶೋಗೆ ಹೂದಂಟು ತಯಾರಿ: ಮೊದಲ ಸಲ ಇಡುತ್ತಿದ್ದೇನೆ, ಗೊತ್ತಿರುವವರು ಹೇಳಿ

ಸಂಪಿಗೆಮರ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ನಮ್ಮ ಮನೆ ಹತ್ತಿರವೇ ಐರಿಸ್ ಶೋ ಇದೆ. ಅಮೆರಿಕನ್ ಐರಿಸ್ ಸೊಸೈಟಿಗೆ ಸೇರಿದ ಸ್ಥಳೀಯ ಸಂಘದವರು ನಡೆಸುವುದು. ಇಷ್ಟು ವರ್ಷ ಸುಮ್ನೆ ನೋಡಿಕೊಂಡು ಬರುತ್ತಿದ್ದೆ. ಈ ಸಲ ಹಿತ್ತಲಲ್ಲಿ ಹೂ ತುಂಬಾ ಚೆನ್ನಾಗಿ ಬಂದಿದೆ, ನಾನೂ ದಂಟು ಇಡಬೇಕು ಅಂತ ಆಸೆ.

ನನ್ನ ಹತ್ತಿರ ಮೂರು ಬಗೆ ಇವೆ. ಡಸ್ಕಿ ಚಾಲೆಂಜರ್, ಕಡು ನೇರಳೆ. ಬೆವರ್ಲಿ ಸಿಲ್ಸ್, ಹವಳದ ಗುಲಾಬಿ. ಮೂರನೆಯದು ಪಕ್ಕದ ಮನೆಯವರು ಗೆಡ್ಡೆ ಕೊಟ್ಟ ಹಳದಿ. ಅದರ ಹೆಸರು ಅವರಿಗೂ ಗೊತ್ತಿಲ್ಲ, ಆದರೆ ಮೂರರಲ್ಲಿ ಅದೇ ಚೆಂದ ಬಂದಿದೆ.

ದಂಟನ್ನು ಯಾವಾಗ ಕೊಯ್ಯಬೇಕು? ಎಷ್ಟು ಹೂ ಅರಳಿರಬೇಕು? ಡಸ್ಕಿಯ ತುದಿಯ ಹೂ ಇವತ್ತೇ ಅರಳಿದೆ, ಶನಿವಾರದ ಹೊತ್ತಿಗೆ ಖಂಡಿತ ಬಾಡುತ್ತದೆ. ಅದನ್ನು ತೆಗೆದರೆ ಅಂಕ ಹೋಗುತ್ತದಾ? ಮತ್ತೆ ದಂಟಿನ ಮೇಲೆ ಬೂದಿ ಬಳಿದ ಹಾಗೆ ಇದೆಯಲ್ಲ, ಅದನ್ನು ಒರೆಸಬೇಕಾ? ಶಿವಮೊಗ್ಗದಿಂದ ಮಾವನವರು ಬಂದಿದ್ದಾರೆ. ಊರಲ್ಲಿ ಡೇರೆ, ಗುಲಾಬಿ ಎಲ್ಲ ಬೆಳೆಸಿದ ಕೈ. ಒದ್ದೆ ಬಟ್ಟೆ ಹಿಡಿದು ನಿಂತಿದ್ದಾರೆ, ಸ್ವಲ್ಪ ತಡೆಯಿರಿ ಅಂದಿದ್ದೇನೆ.

ತೋಟದಮನೆ (ಸ್ಯಾನ್ ಹೋಸೆ)

ಒಳ್ಳೆಯ ಕೆಲಸ ಮಾಡಿದಿರಿ. ಬಟ್ಟೆ ಬೇಡವೇ ಬೇಡ ಅಂತ ಹೇಳಿ. ಅದು ಧೂಳಲ್ಲ. ಕಪ್ಪು ದ್ರಾಕ್ಷಿಯ ಮೇಲೆ ಬಿಳಿ ಮಬ್ಬು ಇರುತ್ತದಲ್ಲ, ಅಂಥದ್ದೇ ತೆಳ್ಳನೆಯ ಮೇಣ. ಬೆರಳು ತಾಗಿದ ಕಡೆ ಅಳಿಸಿಹೋಗಿ ಕೆಳಗಿನ ಹಸಿರು ಕಾಣಿಸುತ್ತದೆ. ಬೂದುಹಸಿರು ದಂಟಿನ ನಡುವೆ ಹೆಬ್ಬೆಟ್ಟಿನ ಗುರುತು ಬಿದ್ದರೆ ಜಡ್ಜ್ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದು ಮತ್ತೆ ಬರುವುದಿಲ್ಲ. ಹಾಗಾಗಿ ಈಗಿನಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳಿ: ದಂಟನ್ನು ಹಿಡಿಯುವುದಾದರೆ ಬುಡದಲ್ಲಿ, ಬಾಟಲಿಯೊಳಗೆ ಹೋಗುವ ಭಾಗದಲ್ಲಿ ಮಾತ್ರ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಗ್ರೂಮಿಂಗ್ ಅಂದರೆ ಅಲಂಕಾರ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಗಿಡದ್ದಲ್ಲದ್ದನ್ನು ತೆಗೆಯುವುದು, ಅಷ್ಟೇ ಗ್ರೂಮಿಂಗ್. ಮಣ್ಣು, ಜೇಡರ ಬಲೆ, ಗಿಡಹೇನು, ಮೊಗ್ಗನ್ನು ಸುತ್ತಿರುವ ಪೊರೆಯ ಹರಿದು ಕಂದಾದ ತುದಿ, ಬಾಡಿದ ಹೂ. ಅಂಕದಲ್ಲಿ ದೊಡ್ಡ ಪಾಲು ಗಿಡ ಹೇಗೆ ಬೆಳೆದಿದೆ ಅನ್ನುವುದಕ್ಕೆ ಸಿಗುತ್ತದೆ. ಸ್ವಚ್ಛ ಮಾಡಿದ್ದಕ್ಕೆ ಸಿಗುವುದು ಸಣ್ಣ ಪಾಲು. ಆದರೆ ಎರಡು ಒಳ್ಳೆಯ ದಂಟುಗಳು ಅಕ್ಕಪಕ್ಕ ನಿಂತಾಗ ಆ ಸಣ್ಣ ಪಾಲೇ ನೀಲಿ ರಿಬ್ಬನ್ ಯಾರಿಗೆ ಅಂತ ತೀರ್ಮಾನ ಮಾಡುತ್ತದೆ. ಇಲ್ಲಿ ನೀಲಿ ಮೊದಲನೆಯದು, ಕೆಂಪು ಎರಡನೆಯದು, ಬಿಳಿ ಮೂರನೆಯದು.

ಹಾಗಾಗಿ ಅರ್ಧ ಕೆಲಸ ಕೊಯ್ಯುವ ಮೊದಲೇ, ಹಿತ್ತಲಲ್ಲೇ ಮುಗಿಯಬೇಕು. ಬೆಳಿಗ್ಗೆ ಹೋಗಿ ಪ್ರತಿ ದಂಟನ್ನೂ ಸುತ್ತಲಿಂದ ನೋಡಿ. ನೆಟ್ಟಗಿದೆಯಾ? ಕವಲುಗಳು ಎರಡೂ ಪಕ್ಕಕ್ಕೆ ಹಂಚಿಕೊಂಡಿವೆಯಾ, ಅಥವಾ ಎಲ್ಲಾ ಮೇಲ್ತುದಿಯಲ್ಲೇ ಗುಂಪಾಗಿವೆಯಾ? ಕವಲು ದಂಟಿಗೆ ತೀರಾ ಅಂಟಿಕೊಂಡಿದ್ದರೆ ಆ ಹೂ ಅರಳುವಾಗ ಒಂದು ಪಕ್ಕ ಒತ್ತಿಹೋಗುತ್ತದೆ. ಕೆಳಗಿನ ಎಸಳಿನ ಮೇಲೆ ಗಡ್ಡದ ಹಾಗೆ ರೋಮದ ಸಾಲಿರುವ, ಎತ್ತರದ 'ಗಡ್ಡದ' ಐರಿಸ್‌ನಲ್ಲಿ, ಅಂದರೆ 70 ಸೆಂಟಿಮೀಟರಿಗಿಂತ ಎತ್ತರ ಬರುವ ಗುಂಪಿನಲ್ಲಿ, ಮೂರು ಹೂ ಒಂದಕ್ಕೊಂದು ತಾಗದೆ ಬೇರೆ ಬೇರೆ ಎತ್ತರದಲ್ಲಿ ಅರಳಿ ನಿಂತರೆ ಅದಕ್ಕಿಂತ ಬೇರೆ ಬೇಡ. ನಿಯಮದ ಪ್ರಕಾರ ಕನಿಷ್ಠ ಒಂದು ತಾಜಾ ಹೂ ಅರಳಿರಬೇಕು. ಒಂದೇ ಇದ್ದರೂ ಬೇಸರ ಬೇಡ, ಅದು ತಾಜಾ ಇದ್ದು ಮಿಕ್ಕ ಮೊಗ್ಗುಗಳು ಗಟ್ಟಿಯಾಗಿದ್ದರೆ ಗೌರವದ ದಂಟೇ.

ಕೊಯ್ಯುವ ಹೊತ್ತಿನ ಬಗ್ಗೆ: ಮೊಗ್ಗನ್ನು ಓದಲು ಕಲಿಯಿರಿ. ಬಣ್ಣ ಬಂದು ಬಿಗಿಯಾಗಿ ಸುತ್ತಿಕೊಂಡಿದ್ದರೆ ಇನ್ನೂ ಸಮಯ ಇದೆ. ಅದೇ ಮೊಗ್ಗು ಉದ್ದವಾಗಿ, ಹೊಟ್ಟೆ ಉಬ್ಬಿ, ಎಸಳಿನ ಅಂಚು ಸಡಿಲವಾಗಿದ್ದರೆ ನಾಳೆ ಬೆಳಿಗ್ಗೆಗೆ ಅರಳುತ್ತದೆ. ಶುಕ್ರವಾರ ಸಂಜೆ ಅಂಥ ಉಬ್ಬಿದ ಮೊಗ್ಗು ಇರುವ ದಂಟನ್ನು ನೆಲಮಟ್ಟದಲ್ಲಿ ಕೊಯ್ದು ತಕ್ಷಣ ನೀರಿಗಿಡಿ. ಉದ್ದ ಆಮೇಲೆ ಕಡಿಮೆ ಮಾಡಬಹುದು, ಜಾಸ್ತಿ ಮಾಡಲು ಆಗುವುದಿಲ್ಲ.

ಡಲ್ಲಾಸ್_ದಾಸವಾಳ (ಪ್ಲೇನೋ, ಟೆಕ್ಸಸ್)

ತೋಟದಮನೆ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಶುಕ್ರವಾರದವರೆಗೆ ಕಾಯುವ ಮಾತು ನಮ್ಮ ಟೆಕ್ಸಸ್‌ಗೆ ಹೊಂದುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಇಲ್ಲಿ ಒಂದು ಮಧ್ಯಾಹ್ನದ ಬಿಸಿಗಾಳಿ ಸಾಕು, ಆಲಿಕಲ್ಲು ಮಳೆ ಬಂದರಂತೂ ಎಲ್ಲ ಮುಗಿಯಿತು. ನಾನು ಬುಧವಾರದಿಂದಲೇ ಕೊಯ್ಯುತ್ತೇನೆ. ಮೊಗ್ಗಿಗೆ ಬಣ್ಣ ಬಂದಿರುವಾಗ ಕೊಯ್ದು ನೀರಿನಲ್ಲಿಟ್ಟು, ಗ್ಯಾರೇಜಿನ ಹಳೆಯ ಫ್ರಿಜ್‌ನಲ್ಲಿ ನಿಲ್ಲಿಸುತ್ತೇನೆ. ಶುಕ್ರವಾರ ಹೊರಗೆ ತೆಗೆದು ಉಗುರುಬೆಚ್ಚಗಿನ ನೀರು, ಬೆಳಕಿರುವ ಕೋಣೆ. ರಾತ್ರಿಯೊಳಗೆ ಸಡಿಲವಾಗುತ್ತವೆ.

ಆ ಫ್ರಿಜ್‌ನಲ್ಲಿ ಸೇಬು, ಬಾಳೆಹಣ್ಣು, ಟೊಮೆಟೊ ಯಾವುದೂ ಇರಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಹೂವನ್ನು ಬೇಗ ಮುಪ್ಪು ಮಾಡುತ್ತದೆ.

ತೋಟದಮನೆ

ದಾಸವಾಳ ಅವರೇ, ಮೊಗ್ಗಿಗೆ ಫ್ರಿಜ್ ಒಪ್ಪುತ್ತೇನೆ. ಅರಳಿದ ಹೂವಿಗೆ ಬೇಡ. ತಣ್ಣಗಿನ ಎಸಳು ಹೊರಗೆ ಬಂದ ಕೂಡಲೇ ಅದರ ಮೇಲೆ ನೀರು ಕಟ್ಟುತ್ತದೆ, ಒಣಗಿದ ಮೇಲೆ ಕಲೆ ಉಳಿಯುತ್ತದೆ. ಕಡು ನೇರಳೆಯಲ್ಲಿ ಅದು ಎದ್ದು ಕಾಣುತ್ತದೆ. ಸಂಪಿಗೆಮರ ಅವರ ಕಡೆ ಈಗ ಹವೆ ತಂಪಾಗಿದೆ, ಗ್ಯಾರೇಜಿನ ಕತ್ತಲೆ ಮೂಲೆಯೇ ಸಾಕು.

ಸಂಪಿಗೆಮರ

ಇಬ್ಬರಿಗೂ ಥ್ಯಾಂಕ್ಸ್! ಮಾವನವರು ಬಟ್ಟೆ ಮಡಚಿಟ್ಟು ಈಗ ಬೆಳಿಗ್ಗೆ ಬೆಳಿಗ್ಗೆ ದಂಟು ಪರೀಕ್ಷೆಗೆ ಹೊರಡುತ್ತಿದ್ದಾರೆ. ಎರಡು ಮೊಗ್ಗುಗಳನ್ನು ರಾತ್ರಿ ಬಸವನಹುಳು ತಿಂದಿರುವುದನ್ನು ಅವರೇ ಕಂಡುಹಿಡಿದರು.

ತುದಿಯ ಹೂವಿನ ವಿಷಯ ಯಾರೂ ಹೇಳಲಿಲ್ಲ. ಮತ್ತೆ ಆ ಹಳದಿ?

ಹೊಳೆಬದಿ (ಎಡಿಸನ್, ನ್ಯೂಜೆರ್ಸಿ)

ಹಳದಿಯ ಬಗ್ಗೆ ನಾನು ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಹೆಸರಿಲ್ಲದ ಹೂ ಬಹುಮಾನದ ಸಾಲಿಗೆ ಬರುವುದಿಲ್ಲ. ದಂಟಿನ ವಿಭಾಗದಲ್ಲಿ ಪ್ರತಿ ಹೂವೂ ನೋಂದಾಯಿತ ಹೆಸರಿನಲ್ಲೇ ನಿಲ್ಲಬೇಕು. ಕಾರಣ ಸರಿಯಾಗಿಯೇ ಇದೆ. ಜಡ್ಜ್ ನೋಡುವುದು 'ಇದು ಚೆಂದವಾ' ಅಂತ ಮಾತ್ರ ಅಲ್ಲ, 'ಈ ತಳಿ ಹೇಗಿರಬೇಕೋ ಹಾಗಿದೆಯಾ' ಅಂತಲೂ. ಎತ್ತರ ಎಷ್ಟು ಬರಬೇಕು, ಬಣ್ಣ ಯಾವುದು, ಕವಲು ಹೇಗೆ ಅನ್ನುವುದಕ್ಕೆ ಹೆಸರೇ ಆಧಾರ. ಹೆಸರು ಗೊತ್ತಿಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ಫೋಟೋ ನೋಡಿ ಯಾವುದೋ ಒಂದು ಹೆಸರು ಅಂಟಿಸಬೇಡಿ. ಹಳದಿ ಐರಿಸ್ ನೂರಾರು ಇವೆ. ತಪ್ಪು ಹೆಸರಿನ ದಂಟು ಎಷ್ಟೇ ಚೆನ್ನಾಗಿದ್ದರೂ ಹೊರಗೆ ಹೋಗುತ್ತದೆ.

ಹೂ ಜೋಡಣೆಯ ವಿಭಾಗ ಬೇರೆ ಇರುತ್ತದೆ. ಅಲ್ಲಿ ಹೂವಿನ ಹೆಸರಿಗಿಂತ ಜೋಡಿಸಿದ ಕೈಗೆ ಬೆಲೆ. ಶೋದವರ ನಿಯಮಪಟ್ಟಿ ಓದಿ ನೋಡಿ, ಹಳದಿಗೆ ಅಲ್ಲಿ ಜಾಗ ಸಿಗಬಹುದು.

ನಿಮ್ಮ ಉಳಿದ ಎರಡೂ ಒಳ್ಳೆಯ ಮನೆತನದವು. ಡಸ್ಕಿ ಚಾಲೆಂಜರ್ ಓರೆಗಾನ್ ರಾಜ್ಯದ ಸೇಲಂನ ಶ್ರೈನರ್ ಮನೆಯವರದ್ದು, 1992ರಲ್ಲಿ ಡೈಕ್ಸ್ ಮೆಡಲ್ ಪಡೆದದ್ದು. ಬೆವರ್ಲಿ ಸಿಲ್ಸ್ ನಿಮ್ಮ ಕ್ಯಾಲಿಫೋರ್ನಿಯಾದ ಬೆನ್ ಹೇಗರ್ ಬೆಳೆಸಿದ್ದು, ಅದಕ್ಕೆ ಅದೇ ಮೆಡಲ್ 1985ರಲ್ಲಿ. ಐರಿಸ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಎರಡೂ ಈಗ 30 ವರ್ಷ ದಾಟಿದ ತಳಿಗಳು, ಅಂದರೆ 'ಹಿಸ್ಟಾರಿಕ್' ಗುಂಪಿಗೆ ಸೇರುತ್ತವೆ. ಕೆಲವು ಶೋಗಳಲ್ಲಿ ಹಳೆಯ ತಳಿಗಳಿಗೆ ಪ್ರತ್ಯೇಕ ವಿಭಾಗ ಇರುತ್ತದೆ, ಕೇಳಿ ನೋಡಿ. ನಮ್ಮ ಕಡೆ ಮಾಂಟ್‌ಕ್ಲೇರ್‌ನಲ್ಲಿ ಪ್ರೆಸ್ಬಿ ಐರಿಸ್ ತೋಟ ಇದೆ, 1927ರಲ್ಲಿ ಶುರುವಾದದ್ದು. ಮೇ ಕೊನೆಯಲ್ಲಿ ಅಲ್ಲಿ ಒಂದು ಸುತ್ತು ಹಾಕಿದರೆ ನೂರು ವರ್ಷದ ಹಿಂದಿನ ಹೂ ಹೇಗಿತ್ತು, ಈಗ ಹೇಗಾಗಿದೆ ಅಂತ ಕಣ್ಣಿಗೇ ತಿಳಿಯುತ್ತದೆ. ಹಳೆಯವುಗಳಲ್ಲಿ ಕೆಳಗಿನ ಎಸಳು ಕಿರಿದಾಗಿ ನೇರ ಜೋತುಬಿದ್ದಿರುತ್ತದೆ. ಹೊಸವುಗಳಲ್ಲಿ ಅಗಲವಾಗಿ, ನೆರಿಗೆ ನೆರಿಗೆಯಾಗಿ ಚಾಚಿಕೊಂಡಿರುತ್ತದೆ. ಹಳೆಯ ತಳಿಗೆ ನೆರಿಗೆ ಇಲ್ಲ ಅಂತ ಒಳ್ಳೆಯ ಜಡ್ಜ್ ಅಂಕ ಕಡಿಯುವುದಿಲ್ಲ, ಅದು ಹಾಗೆಯೇ ಇರಬೇಕು.

ತೋಟದಮನೆ

ತುದಿಯ ಹೂವಿಗೆ ಬರೋಣ. ಇದು ನಿಧಾನವಾಗಿ ಹೇಳಬೇಕಾದ್ದು.

ಐರಿಸ್‌ನಲ್ಲಿ ಸಾಮಾನ್ಯವಾಗಿ ತುದಿಯದೇ ಮೊದಲು ಅರಳುತ್ತದೆ, ಆಮೇಲೆ ಕವಲುಗಳು. ಎಲ್ಲರ ಪಾಡೂ ಇದೇ: ಕವಲುಗಳ ಹೂ ಸರಿಯಾಗುವ ಹೊತ್ತಿಗೆ ತುದಿಯದು ಮುಗಿದಿರುತ್ತದೆ. ಆದರೆ ತುದಿಯಲ್ಲಿ ಇರುವುದು ಒಂದೇ ಮೊಗ್ಗಲ್ಲ. ಹಸಿರು ಪೊರೆಯೊಳಗೆ ಎರಡು, ಕೆಲವೊಮ್ಮೆ ಮೂರು ಮೊಗ್ಗು ಒಟ್ಟಿಗೆ ಕೂತಿರುತ್ತವೆ. ಡಸ್ಕಿ ಮೊಗ್ಗಿನ ವಿಷಯದಲ್ಲಿ ಧಾರಾಳಿ. ಮೊದಲನೆಯದು ಬಾಡಿದಾಗ ಅದೇ ಗೂಡಿನ ಎರಡನೆಯದು ಮೇಲೆ ಬರುತ್ತದೆ. ಶನಿವಾರ ಬೆಳಿಗ್ಗೆ ಆ ಎರಡನೆಯದು ಅರಳಿದ್ದರೆ ತುದಿ ತುಂಬಿಯೇ ಇರುತ್ತದೆ, ಯಾವ ನಷ್ಟವೂ ಇಲ್ಲ. ತೆಗೆದ ಜಾಗ ಖಾಲಿ ಕಂಡರೆ ಮಾತ್ರ ತೊಂದರೆ. ತುದಿಯೇ ಬೋಳಾದ ದಂಟಿಗೆ ಅಂಕ ಹೋಗುತ್ತದೆ, ಸಮತೋಲ ತಪ್ಪಿದೆ ಅಂತ.

ತೆಗೆಯುವ ರೀತಿ. ಹಿತ್ತಲಲ್ಲಿ ಬಾಡಿದ ಹೂವನ್ನು ಎಲ್ಲರೂ ಪಕ್ಕಕ್ಕೆ ಬಾಗಿಸಿ ಪಟಕ್ಕನೆ ಮುರಿಯುತ್ತೇವೆ. ಶೋ ದಂಟಿಗೆ ಹಾಗೆ ಮಾಡಬೇಡಿ. ಪೊರೆ ಸೀಳಿಹೋಗುತ್ತದೆ, ಜೊತೆಗೆ ಪಕ್ಕದ ಮೊಗ್ಗೂ ಬರಬಹುದು. ಹರಿತವಾದ ಸಣ್ಣ ಬ್ಲೇಡ್ ತೆಗೆದುಕೊಳ್ಳಿ. ಎಡಗೈಯ ಎರಡು ಬೆರಳಿನಿಂದ ಪೊರೆಯ ಅಂಚನ್ನು ಕೂದಲೆಳೆಯಷ್ಟು ಬಿಡಿಸಿ. ಒಳಗೆ ನೋಡಿ. ಬಾಡಿದ ಹೂವಿನ ಕೆಳಗೆ ಉಬ್ಬಿದ ಹಸಿರು ಭಾಗ ಇರುತ್ತದೆ, ಕಾಯಿ ಆಗುವಂಥದ್ದು. ಅದರ ಕೆಳಗೆ ಗಿಡ್ಡ ತೊಟ್ಟು. ಪಕ್ಕದಲ್ಲೇ ಇನ್ನೊಂದು ಮೊಗ್ಗಿನ ತೊಟ್ಟು, ಎರಡರ ನಡುವೆ ತೆಳ್ಳಗಿನ ಇನ್ನೊಂದು ಪೊರೆ. ಬ್ಲೇಡಿನ ತುದಿಯನ್ನು ಆ ಪೊರೆಗೆ ಬೆನ್ನು ಮಾಡಿ ಇಳಿಸಿ, ಹಳೆಯ ತೊಟ್ಟನ್ನು ಸಾಧ್ಯವಾದಷ್ಟು ಆಳದಲ್ಲಿ ಕತ್ತರಿಸಿ. ಚಿಮಟದಿಂದ ನೇರ ಮೇಲಕ್ಕೆ ಎಳೆಯಿರಿ. ಪೊರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲೊಂದು ಹೂ ಇತ್ತು ಅಂತ ಹುಡುಕಿದರೆ ಮಾತ್ರ ತಿಳಿಯಬೇಕು. ಇಡಬೇಕಾದ ದಂಟಿಗೆ ಕೈ ಹಾಕುವ ಮೊದಲು ಇಡದೇ ಇರುವ ದಂಟಿನ ಮೇಲೆ ಕೈ ಕೂರಿಸಿಕೊಳ್ಳಿ.

ಯಾವಾಗ ತೆಗೆಯಬೇಕು ಅನ್ನುವುದೂ ಮುಖ್ಯ. ಬಾಡಲು ಶುರುವಾದ ಹೂವಿನ ಎಸಳಿನ ಅಂಚು ಒದ್ದೆಯಾದ ಹಾಗೆ ತೆಳುವಾಗಿ, ಒಳಕ್ಕೆ ಸುರುಳಿ ಸುತ್ತುತ್ತದೆ. ಆಗಲೇ ತೆಗೆಯಿರಿ. ಡಸ್ಕಿಯಂಥ ಕಡು ಬಣ್ಣದವು ಪೂರ್ತಿ ಬಾಡಿದರೆ ನೇರಳೆ ರಸ ತೊಟ್ಟಿಕ್ಕುತ್ತದೆ. ಕೆಳಗಿನ ಹೂವಿನ ಮೇಲೆ ಒಂದು ಹನಿ ಬಿದ್ದರೂ ಆ ಹೂ ಕೆಟ್ಟಿತು.

ಹಿತ್ತಲಗಿಡ (ಬೆಂಗಳೂರು)

ಓದುತ್ತಿದ್ದರೆ ನಮ್ಮಲ್ಲೂ ಬೆಳೆಸಬೇಕು ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಗಡ್ಡದ ಐರಿಸ್ ಬರುತ್ತದಾ? ಲಾಲ್‌ಬಾಗ್ ಶೋನಲ್ಲಿ ನೋಡಿದ ನೆನಪಿಲ್ಲ.

ಹೊಳೆಬದಿ

ಕಷ್ಟ. ಇವಕ್ಕೆ ಚಳಿಗಾಲ ಅಂದರೆ ನಿಜವಾದ ಚಳಿ ಬೇಕು, ಆ ಚಳಿ ಸಿಗದಿದ್ದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ನಮ್ಮ ದೇಶದಲ್ಲಿ ಇವನ್ನು ಕಾಣಬೇಕಾದರೆ ಕಾಶ್ಮೀರಕ್ಕೆ ಹೋಗಬೇಕು. ಅಲ್ಲಿ ಗೋರಿಗಳ ಮೇಲೆ ಬಿಳಿ, ನೇರಳೆ ಐರಿಸ್ ನೆಡುವುದು ಹಳೆಯ ರೂಢಿ. ಬೆಂಗಳೂರಿಗಾದರೆ ಐರಿಸ್ ಡೊಮೆಸ್ಟಿಕಾ ಹಾಕಿ. ಕಿತ್ತಳೆ ಬಣ್ಣ, ಮೇಲೆ ಕೆಂಪು ಚುಕ್ಕೆ. ಬೆಲಾಮ್‌ಕಾಂಡಾ ಅಂತ ಬೇರೆ ಹೆಸರಿತ್ತು, 2005ರಲ್ಲಿ ಐರಿಸ್ ಕುಲಕ್ಕೆ ಸೇರಿಸಿದರು. ಗ್ಲಾಡಿಯೋಲಸ್ ಕೂಡ ಇದೇ ಕುಟುಂಬದ್ದು, ಅದನ್ನು ನೀವು ಆರಾಮಾಗಿ ಬೆಳೆಸಬಹುದು.

ಸಂಪಿಗೆಮರ

ಶುಕ್ರವಾರ ಮಧ್ಯಾಹ್ನದ ವರದಿ. ಡಸ್ಕಿಯ ತುದಿಯದನ್ನು ಮಾವನವರು ಬ್ಲೇಡಿನಲ್ಲಿ ತೆಗೆದರು. ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು. ಪೊರೆ ಒಂದು ಚೂರೂ ಹರಿಯಲಿಲ್ಲ! ಎರಡನೆಯ ಮೊಗ್ಗಿಗೆ ಬಣ್ಣ ಬಂದಿದೆ, ಇನ್ನೂ ಬಿಗಿಯಾಗಿದೆ.

ಬೆವರ್ಲಿಯಲ್ಲಿ ಬೇರೆ ಸಮಸ್ಯೆ. ಮೇಲಿನ ಕವಲು ದಂಟಿಗೆ ಅಂಟಿಕೊಂಡಿದೆ. ಏನಾದರೂ ಮಾಡಬಹುದಾ? ಮತ್ತೆ ಮಗಳೂ ಒಂದು ದಂಟು ಇಡುತ್ತೇನೆ ಅಂತಿದ್ದಾಳೆ.

ಡಲ್ಲಾಸ್_ದಾಸವಾಳ

ಕವಲಿಗೆ ಉಪಾಯ ಇದೆ. ಐರಿಸ್ ಎಲೆಯ ಒಂದು ತುಂಡನ್ನು ಮಡಚಿ ಕವಲು ಮತ್ತು ದಂಟಿನ ಸಂದಿಯಲ್ಲಿ ಮೆಲ್ಲಗೆ ತೂರಿಸಿ ರಾತ್ರಿ ಬಿಡಿ. ಬಲವಂತ ಬೇಡ, ಕವಲು ಬುಡದಲ್ಲಿ ಸೀಳುತ್ತದೆ. ಬೆಳಿಗ್ಗೆಗೆ ಸ್ವಲ್ಪ ಹೊರಗೆ ಬಾಗಿರುತ್ತದೆ, ಹೂ ಅರಳಲು ಅಷ್ಟು ಜಾಗ ಸಾಕು. ಕೆಲವರು ಹತ್ತಿ ಇಡುತ್ತಾರೆ. ನನಗೆ ಎಲೆಯೇ ಇಷ್ಟ, ಎಳೆ ಅಂಟಿಕೊಳ್ಳುವುದಿಲ್ಲ. ದಂಟು ಒಪ್ಪಿಸುವ ಮೊದಲು ನೆನಪಿಟ್ಟು ತೆಗೆಯಿರಿ.

ಮಗಳಿಗೆ ಮಕ್ಕಳ ವಿಭಾಗ ಇರುತ್ತದೆ. ಅವಳೇ ಬೆಳೆಸಿರಬೇಕು, ಅವಳೇ ಸ್ವಚ್ಛ ಮಾಡಬೇಕು. ಬ್ಲೇಡ್ ಬೇಡ, ಮೆತ್ತನೆಯ ಬ್ರಷ್ ಕೊಡಿ. ಎಸಳಿನ ಮೇಲೆ ಉದುರಿದ ಪರಾಗವನ್ನು ಒಣ ಬ್ರಷ್‌ನಲ್ಲೇ ತೆಗೆಯಬೇಕು. ನೀರು ತಾಗಿದರೆ ಹಳದಿ ಮೆತ್ತಿಕೊಳ್ಳುತ್ತದೆ.

ಕೆಂಪುಮಣ್ಣು (ಸಿಯಾಟಲ್)

ಒಂದು ಅನುಮಾನ. ಎಲೆ ತೂರಿಸಿ ಕವಲು ಬಾಗಿಸುವುದು, ಬೆಚ್ಚಗಿನ ನೀರಿನಲ್ಲಿ ಮೊಗ್ಗು ಅರಳಿಸುವುದು, ಇವೆಲ್ಲ ಮೋಸ ಅಲ್ವಾ? ಗಿಡ ಹೇಗೆ ಬೆಳೆದಿದೆಯೋ ಹಾಗೆ ಇಡುವುದು ನ್ಯಾಯ ಅಂತ ನನ್ನ ಅನಿಸಿಕೆ. ಮೊಗ್ಗಿಗೆ ಬಾಯಿಂದ ಊದಿ ಅರಳಿಸುವವರನ್ನೂ ನೋಡಿದ್ದೇನೆ.

ತೋಟದಮನೆ

ನಾನು ಹಾಗೆ ಅನ್ನುವುದಿಲ್ಲ. ಇಲ್ಲದ ಕವಲನ್ನು ಯಾರೂ ಸೇರಿಸುತ್ತಿಲ್ಲ. ಬೇರೆ ದಂಟಿನ ಹೂ ತಂದು ಸಿಕ್ಕಿಸಿದರೆ ಮೋಸ. ಬೇರೆ ಎಲೆ ತಂದು ಬಾಟಲಿಯಲ್ಲಿ ಇಟ್ಟರೂ ನಿಯಮಕ್ಕೆ ವಿರುದ್ಧ, ದಂಟಿಗೆ ತಾನಾಗಿ ಅಂಟಿಕೊಂಡಿರುವ ಎಲೆ ಮಾತ್ರ ಇರಬಹುದು. ಆದರೆ ಎರಡು ವಾರ ಮೊದಲೇ ಕೋಲು ನೆಟ್ಟು ಗಾಳಿಗೆ ಬಾಗದಂತೆ ಕಟ್ಟುವುದು, ಮಳೆ ಬಂದರೆ ಛತ್ರಿ ಹಿಡಿಸುವುದು, ಕವಲಿಗೆ ಜಾಗ ಮಾಡಿಕೊಡುವುದು ಎಲ್ಲ ಒಂದೇ ಸಾಲಿನ ಕೆಲಸ, ಬೆಳೆಸುವವರ ಆರೈಕೆ. ಎಲ್ಲಾ ಕವಲೂ ಒಂದೇ ಕಡೆ ಇರುವ ದಂಟನ್ನು ಎಷ್ಟು ಎಲೆ ತೂರಿಸಿದರೂ ಸರಿಮಾಡಲು ಆಗುವುದಿಲ್ಲ.

ಊದುವ ಬಗ್ಗೆ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. ಇನ್ನೇನು ಅರಳಬೇಕು ಅನ್ನುವ ಹೂವಿಗೆ ಮೆಲ್ಲಗೆ ಉಸಿರು ಬಿಟ್ಟರೆ ಎಸಳು ಬಿಡುತ್ತದೆ, ಅದರಲ್ಲಿ ತಪ್ಪಿಲ್ಲ. ಬಿಗಿಯಾದ ಮೊಗ್ಗನ್ನು ಬಿಡಿಸಿದರೆ ಎಸಳಿನ ನಡುವೆ ಮಡಿಕೆಯ ಗೆರೆ ಉಳಿಯುತ್ತದೆ, ಹೂ ಪೂರ್ತಿ ಹರಡುವುದೇ ಇಲ್ಲ. ಜಡ್ಜ್‌ಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕೆಂಪುಮಣ್ಣು

ಸರಿ, ಕೋಲು ಕಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ಒಪ್ಪಿದೆ. ಊದುವುದು ಮಾತ್ರ ನನ್ನ ಕೈಲಿ ಆಗದು.

ಹೊಳೆಬದಿ

ಸಂಪಿಗೆಮರ ಅವರೇ, ದಂಟು ಸಾಗಿಸುವ ಬಗ್ಗೆ ಯಾರೂ ಹೇಳಿಲ್ಲ. ಒಳ್ಳೆಯ ದಂಟುಗಳು ಜಾಸ್ತಿ ಹಾಳಾಗುವುದು ಕಾರಿನಲ್ಲೇ. ಒಂದು ಬಕೆಟಿನಲ್ಲಿ ಎಲ್ಲ ತುಂಬಬೇಡಿ. ಎರಡು ಲೀಟರ್ ಸೋಡಾ ಬಾಟಲಿಗಳಲ್ಲಿ ಅರ್ಧ ನೀರು ತುಂಬಿ, ಹಾಲಿನ ಕ್ರೇಟ್‌ನಲ್ಲಿ ಬಿಗಿಯಾಗಿ ನಿಲ್ಲಿಸಿ. ಒಂದು ಬಾಟಲಿಗೆ ಒಂದು ದಂಟು. ಒಂದರ ಕೆಳಗಿನ ಎಸಳು ಇನ್ನೊಂದಕ್ಕೆ ತಾಗಬಾರದು. ತಿರುವಿನಲ್ಲಿ ಬಾಟಲಿ ಅಲುಗದ ಹಾಗೆ ಸುತ್ತ ಹಳೆಯ ಟವೆಲ್ ತುರುಕಿ. ಎಸಿ ಹಾಕಿ, ಆದರೆ ಗಾಳಿ ನೇರ ಹೂವಿಗೆ ಬೀಸಬಾರದು. ಹೆಸರಿನ ಚೀಟಿಯನ್ನು ಹಿತ್ತಲಲ್ಲೇ ಬುಡಕ್ಕೆ ಕಟ್ಟಿ. ಹಾಲ್‌ನಲ್ಲಿ ಗಡಿಬಿಡಿಯಲ್ಲಿ ಹೆಸರು ಅದಲುಬದಲಾದರೆ ಅಷ್ಟೂ ಶ್ರಮ ದಂಡ.

ತೋಟದಮನೆ

ಹಾಲ್‌ನಲ್ಲಿ ಮಾಡಬೇಕಾದ್ದು ಎರಡೇ ಮುಖ್ಯ. ಬಾಟಲಿ ಅವರೇ ಕೊಡುತ್ತಾರೆ. ಬಾಯಿ ಅಗಲ ಇರುವುದರಿಂದ ದಂಟು ವಾಲುತ್ತದೆ. ಫೋಮಿನ ತುಂಡು ಅಥವಾ ದಂಟಿನ ತುಂಡನ್ನೇ ಬೆಣೆಯಾಗಿ ಹೊಡೆದು ನೆಟ್ಟಗೆ ನಿಲ್ಲಿಸಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಸ್ವಲ್ಪ ಬಾಗಿರುವ ದಂಟನ್ನು ಯಾವ ದಿಕ್ಕಿಗೆ ತಿರುಗಿಸಿದರೆ ಬಾಗು ಕಾಣುವುದಿಲ್ಲವೋ ಆ ದಿಕ್ಕಿಗೆ ಇಡಿ. ಹೂವಿನ ಮುಖ ಮುಂದೆ ಇರಲಿ.

ಪೊರೆಯ ತುದಿ ಒಣಗಿ ಕಂದಾಗುವುದು ಸಹಜ, ಹರಿದು ಕೊಳಕಾಗಿದ್ದರೆ ಮಾತ್ರ ಸಣ್ಣ ಕತ್ತರಿಯಿಂದ ತೆಗೆಯಿರಿ. ಅಡ್ಡ ಕತ್ತರಿಸಬೇಡಿ, ತುದಿಯ ಮೊನಚು ಹಾಗೇ ಉಳಿಯುವಂತೆ ಓರೆಯಾಗಿ.

ಇನ್ನೊಂದು: ಸಾಮಾನ್ಯವಾಗಿ ಒಂದೇ ಹೆಸರಿನ ದಂಟುಗಳನ್ನು ಮೊದಲು ತಮ್ಮತಮ್ಮಲ್ಲೇ ಹೋಲಿಸುತ್ತಾರೆ. ಅಲ್ಲಿ ನೀಲಿ ಪಡೆದವು ಮುಂದಿನ ಸುತ್ತಿಗೆ, ಕೊನೆಗೆ ಅವುಗಳಲ್ಲಿ ಇಡೀ ಶೋನ ಉತ್ತಮ ದಂಟು. ಡಸ್ಕಿಯನ್ನು ಬಹಳ ಜನ ಬೆಳೆಸುತ್ತಾರೆ, ಪೈಪೋಟಿ ಇರುತ್ತದೆ. ಒಂದೇ ದಂಟು ಇದ್ದ ಮಾತ್ರಕ್ಕೆ ನೀಲಿ ಸಿಗುತ್ತದೆ ಅಂತಲೂ ಇಲ್ಲ, ಮಟ್ಟ ಸಾಲದಿದ್ದರೆ ಜಡ್ಜ್ ಕೊಡದೇ ಇರಬಹುದು.

ಸಾಧ್ಯವಾದರೆ ಕ್ಲರ್ಕ್ ಕೆಲಸಕ್ಕೆ ಹೆಸರು ಕೊಡಿ. ಜಡ್ಜ್‌ಗಳ ಜೊತೆ ನಡೆದು ಚೀಟಿ ಬರೆಯುವ ಕೆಲಸ. ಬಾಯಿ ಬಿಡುವ ಹಾಗಿಲ್ಲ, ಆದರೆ ಅವರು ಏನನ್ನು ನೋಡಿ ಏನು ಹೇಳುತ್ತಾರೆ ಅಂತ ಕೇಳಿಸಿಕೊಳ್ಳಬಹುದು. ಯಾವ ಪುಸ್ತಕವೂ ಅಷ್ಟು ಕಲಿಸುವುದಿಲ್ಲ.

ಸಂಪಿಗೆಮರ

ಈಗಷ್ಟೇ ಮನೆಗೆ ಬಂದೆವು. ಬೆವರ್ಲಿಗೆ ಕೆಂಪು ರಿಬ್ಬನ್!! ಎಲೆಯ ಉಪಾಯ ಕೆಲಸ ಮಾಡಿತು ದಾಸವಾಳ ಅವರೇ, ಮೂರನೆಯ ಹೂ ಬೆಳಿಗ್ಗೆ ಪೂರ್ತಿ ಬಿಚ್ಚಿಕೊಂಡಿತ್ತು. ಮಗಳಿಗೆ ಮಕ್ಕಳ ವಿಭಾಗದಲ್ಲಿ ನೀಲಿ. ರಿಬ್ಬನ್ ಹಿಡಿದುಕೊಂಡೇ ಮಲಗಿದ್ದಾಳೆ.

ಡಸ್ಕಿಗೆ ಏನೂ ಬರಲಿಲ್ಲ. ತುದಿಯ ಎರಡನೆಯ ಮೊಗ್ಗು ಅರ್ಧ ಅರಳಿ ನಿಂತುಬಿಟ್ಟಿತು. ಆಮೇಲೆ ಜಡ್ಜ್ ಒಬ್ಬರನ್ನು ಕೇಳಿದೆ. ಹೂ ತೆಗೆದ ಜಾಗ ತುಂಬಾ ಚೊಕ್ಕವಾಗಿದೆ, ಯಾರು ಮಾಡಿದ್ದು ಅಂತ ಅವರೇ ತಿರುಗಿ ಕೇಳಿದರು. ಮಾವನವರನ್ನು ತೋರಿಸಿದೆ. ಆದರೆ ಕವಲುಗಳು ಈ ತಳಿಗೆ ಇರಬೇಕಾದಷ್ಟು ದೂರ ಹರಡಿಲ್ಲ, ಗಿಡಗಳು ಇಕ್ಕಟ್ಟಾಗಿವೆ ಅನ್ನಿಸುತ್ತದೆ ಅಂದರು. ಕಣ್ಣಾರೆ ನೋಡಿದ ಹಾಗೆ ಹೇಳಿದರು, ಆ ಮಡಿಯನ್ನು ನಾವು ಬಿಡಿಸಿ ನೆಟ್ಟು ತುಂಬಾ ವರ್ಷ ಆಗಿದೆ.

ಮುಂದಿನ ವರ್ಷಕ್ಕೆ ಈಗಿನಿಂದ ಏನು ಮಾಡಬೇಕು? ಕೊಯ್ದ ಗೆಡ್ಡೆಯಲ್ಲೇ ಮತ್ತೆ ಹೂ ಬರುತ್ತದಾ?

ಕೆಂಪುಮಣ್ಣು

ಮೊದಲ ಸಲಕ್ಕೇ ಎರಡು ರಿಬ್ಬನ್! ಮಾವನವರಿಗೆ ನಮಸ್ಕಾರ ಹೇಳಿ.

ತೋಟದಮನೆ

ತುಂಬಾ ಖುಷಿಯಾಯಿತು. ಮಗಳಿಗೆ ನನ್ನ ಕಡೆಯಿಂದ ಶಭಾಶ್ ಹೇಳಿ.

ಒಮ್ಮೆ ಹೂ ಬಿಟ್ಟ ಗೆಡ್ಡೆಯಲ್ಲಿ ಮತ್ತೆ ದಂಟು ಬರುವುದಿಲ್ಲ. ಅದರ ಪಕ್ಕದಲ್ಲಿ ಹುಟ್ಟಿದ ಮರಿಗಳೇ ಮುಂದಿನ ವರ್ಷದ ಹೂ. ಈಗ ಉಳಿದ ದಂಟುಗಳನ್ನು ಹೂ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ, ಎಲೆ ಹಾಗೇ ಬಿಡಿ. ಜುಲೈ, ಆಗಸ್ಟ್‌ನಲ್ಲಿ ಮಡಿ ಪೂರ್ತಿ ಅಗೆದು ತೆಗೆಯಿರಿ. ಹಳೆಯ ಗೆಡ್ಡೆ ಬಿಸಾಕಿ, ದಪ್ಪನೆಯ ಮರಿಗಳನ್ನು ಮುರಿದು ತೆಗೆದುಕೊಂಡು, ಎಲೆ ಗಿಡ್ಡ ಮಾಡಿ, ಒಂದಕ್ಕೊಂದು ಒಂದೂವರೆ ಅಡಿ ದೂರ ಬಿಟ್ಟು ನೆಡಿ. ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣುವಷ್ಟು ಮೇಲೇ ಇರಲಿ, ಬಿಸಿಲು ಬೀಳಲಿ. ಸಾರಜನಕ ಜಾಸ್ತಿ ಇರುವ ಗೊಬ್ಬರ ಬೇಡ, ಎಲೆ ಸೊಕ್ಕಿ ಗೆಡ್ಡೆ ಕೊಳೆಯುತ್ತದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಹೀಗೆ ಬಿಡಿಸಲೇಬೇಕು.

ತಡವಾಗಿ ನೆಟ್ಟರೆ ಮೊದಲ ವಸಂತದಲ್ಲಿ ದಂಟು ಗಿಡ್ಡವಾಗಿ ಬರಬಹುದು. ಹಾಗಾಗಿ ಡಸ್ಕಿಯನ್ನು ಜುಲೈ ಮೊದಲಲ್ಲೇ ಮುಗಿಸಿ, ಬೆವರ್ಲಿಯ ಮಡಿಯನ್ನು ಮುಂದಿನ ವರ್ಷಕ್ಕೆ ಬಿಡಿ. ಆಗ ಬರುವ ಶೋಗೆ ಒಂದಾದರೂ ಗ್ಯಾರಂಟಿ ಇರುತ್ತದೆ. ಡಸ್ಕಿಯ ಹೆಚ್ಚಿನ ಮರಿಗಳಿದ್ದರೆ ನನಗೊಂದು ಎತ್ತಿಡಿ, ಹೆಸರಿನ ಚೀಟಿ ಸಮೇತ.